ತಾನೇ ಮಾಯುವ ಗೋಡೆ

ಮಳೆಗಾಲ ಬಂತೆಂದರೆ ನಮ್ಮ ಮಂಡ್ಯ ಸೀಮೆಯವರು ರೇಡಿಯೋದ ಕಿವಿ ಹಿಂಡುವುದು ಸಂಗೀತಕ್ಕಲ್ಲ, ನಾಟಕಕ್ಕೂ ಅಲ್ಲ. ಕೃಷ್ಣರಾಜಸಾಗರದ ನೀರು ಇಂದು ಎಷ್ಟು ಅಡಿಗೆ ಬಂತು ಎಂಬ ಒಂದೇ ಒಂದು ಸಂಖ್ಯೆಗಾಗಿ. ಆ ಸಂಖ್ಯೆ 124.80ನ್ನು ಮುಟ್ಟಿತೆಂದು ಕೇಳಿದ ರಾತ್ರಿ ನಮ್ಮಲ್ಲಿ ಬರಿಯ ಮುದ್ದೆಯೂ ಹಬ್ಬದ ಊಟವಾಗುತ್ತದೆ. ನೀರನ್ನು ಕುರಿತು ಇಷ್ಟು ಕಾತರದಿಂದ ಕೇಳುವ ನಾವು, ಆ ನೀರನ್ನು ಎದೆಯೊಡ್ಡಿ ತಡೆದು ನಿಂತಿರುವ ಗೋಡೆಯನ್ನು ಕುರಿತು ಕೇಳುವುದು ತೀರ ಕಡಮೆ. 1911ರಲ್ಲಿ ಕಟ್ಟಲು ಮೊದಲಿಟ್ಟು ಇಪ್ಪತ್ತು ವರ್ಷ ಕಟ್ಟಿದ ಗೋಡೆ ಅದು. ಉದ್ದ 8600 ಅಡಿ. ನದಿಯ ಪಾತ್ರದಿಂದ ಎತ್ತರ 130 ಅಡಿ. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ಎಂದು ಮಕ್ಕಳೂ ಹೇಳುತ್ತಾರೆ. ಆದರೆ ಅಲ್ಲಿ ಕಲ್ಲನ್ನೂ ಕಲ್ಲನ್ನೂ ಹಿಡಿದಿಟ್ಟಿರುವುದು ಏನು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ಸಿಮೆಂಟು" ಎನ್ನುತ್ತಾರೆ. ಅಲ್ಲ, ಅದು ಸುಣ್ಣಕ್ಕೆ ಸುರ್ಕಿ ಬೆರೆಸಿದ ಗಾರೆ.

ಈ ಗಾರೆಗೆ ಒಂದು ವಿಶೇಷ ಗುಣವಿದೆ. ಸಣ್ಣ ಬಿರುಕು ಬಿಟ್ಟರೆ, ಅನುಕೂಲ ಒದಗಿದಲ್ಲಿ, ಅದು ಯಾರ ಸಹಾಯವನ್ನೂ ಬೇಡದೆ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನೇ ಈಗ ದೇಶವಿದೇಶಗಳ ವಿಜ್ಞಾನಿಗಳು ಹೊಸದಾಗಿ ಹುಡುಕುತ್ತಿದ್ದಾರೆ. ಮೂಳೆ ಕೂಡಿಕೊಳ್ಳುವಂತೆ, ಗಾಯ ಮಾಯುವಂತೆ, ಕಟ್ಟಡವೂ ತನ್ನನ್ನು ತಾನು ಸರಿಪಡಿಸಿಕೊಳ್ಳಬಾರದೇಕೆ ಎಂದು ಕೇಳುತ್ತಿದ್ದಾರೆ. ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ನೀವು ಹುಬ್ಬೇರಿಸಬಹುದು. ನನ್ನ ಮನೆಯ ಗೋಡೆಯೊಂದು ಕಲಿಸಿದ ಪಾಠದಿಂದ ನಾನು ಇತ್ತ ಹೊರಳಿದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಪಂಡಿತನ ಚಾಳಿಯಂತೆ ಎರಡು ಶಬ್ದಗಳ ಮಾತು.

"ಹೂವು ಬಿರಿಯಿತು" ಎನ್ನುತ್ತೇವೆ; "ಗೋಡೆ ಬಿರಿಯಿತು" ಎಂದೂ ಎನ್ನುತ್ತೇವೆ. ಧಾತು ಒಂದೇ, ಒಂದು ಕಡೆ ಸಂತೋಷ, ಇನ್ನೊಂದು ಕಡೆ ಖರ್ಚು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಅದು ಬುಸುಗುಟ್ಟಿ, ಕಾದು, ಒಡೆದು, ಹಿಟ್ಟಾಗುತ್ತದೆಯಷ್ಟೆ. ಅದಕ್ಕೆ ನಮ್ಮ ಜನ "ಸುಣ್ಣ ಅರಳಿತು" ಎನ್ನುತ್ತಾರೆ. ಅಲ್ಲಿಯೂ ಹೂವೇ. ಸುಣ್ಣವೆಂಬುದು ಸಂಸ್ಕೃತದ ಚೂರ್ಣದ ತದ್ಭವ ಎಂದು ವ್ಯಾಕರಣ ಓದಿದವರು ಬಲ್ಲರು. ಸುರ್ಕಿ ಎಂಬುದು ಪಾರಸಿಯಿಂದ ಬಂದದ್ದು. ಕೆಂಪು ಎಂಬುದು ಅದರ ಮೂಲಾರ್ಥ. ಬೆಂದ ಇಟ್ಟಿಗೆಯನ್ನು ಕುಟ್ಟಿದ ಕೆಂಪು ಪುಡಿಯೇ ಸುರ್ಕಿ. ಹೀಗೆ ಸಂಸ್ಕೃತದ ಚೂರ್ಣವೂ ಪಾರಸಿಯ ಕೆಂಪೂ ಕನ್ನಡದ ನೀರಿನಲ್ಲಿ ಕಲಸಿ ಕಾವೇರಿಯನ್ನು ತಡೆದಿವೆ.

ಸುಣ್ಣದ ಜೀವನಚರಿತ್ರೆ ಒಂದು ಚಕ್ರ. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊಗೆಯೊಡನೆ ಹಾರಿಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರೆರೆದರೆ ಅದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಹಾಕಿದ ಮೇಲೆ, ಅದು ಬಹು ನಿಧಾನವಾಗಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ, ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಿನಿಂದ ಕಲ್ಲಿಗೆ! ಆದರೆ ದಪ್ಪ ಗೋಡೆಯ ಒಳಗಿನ ಸುಣ್ಣವೆಲ್ಲ ಒಮ್ಮೆಗೇ ಕಲ್ಲಾಗುವುದಿಲ್ಲ. ಒಂದಿಷ್ಟು ಹಾಗೆಯೇ ಉಳಿದಿರುತ್ತದೆ. ಈ ಉಳಿಕೆಯೇ ಗೋಡೆಯ ಔಷಧದ ಪೆಟ್ಟಿಗೆ. ಎಲ್ಲಿಯೋ ಒಂದು ಕೂದಲೆಳೆಯ ಬಿರುಕು ಬಿಟ್ಟಿತೆನ್ನಿ. ಅದರೊಳಗೆ ನೀರು ಜಿನುಗುತ್ತದೆ. ನೀರು ಒಳಗಿನ ಸುಣ್ಣವನ್ನು ಕರಗಿಸಿಕೊಂಡು ಬಿರುಕಿನ ಬಾಯಿಗೆ ತರುತ್ತದೆ. ಅಲ್ಲಿ ಗಾಳಿ ಸೋಕುತ್ತಲೇ ಸುಣ್ಣ ಮತ್ತೆ ಕಲ್ಲಾಗಿ ಬಿರುಕಿನ ಎರಡು ತುಟಿಗಳನ್ನೂ ಹೊಲಿಯುತ್ತದೆ. ಶತ್ರುವೆಂದು ನಾವು ಬೈಯುವ ನೀರೇ ಇಲ್ಲಿ ವೈದ್ಯ.

ಬರಿಯ ಸುಣ್ಣಕ್ಕೆ ಒಂದು ಕೊರತೆಯುಂಟು: ನೀರಿನೊಳಗೆ ಅದು ಗಟ್ಟಿಯಾಗಲಾರದು. ಅದಕ್ಕೇ ಸುರ್ಕಿ. ಬೆಂದ ಮಣ್ಣಿನಲ್ಲಿರುವ ಸಿಲಿಕ ಮತ್ತು ಅಲ್ಯೂಮಿನ ಸುಣ್ಣದೊಡನೆ ಕೂಡಿ, ನೀರಿನಲ್ಲಿಯೂ ಬಿಗಿಯುವ ಹೊಸ ಬಂಧವನ್ನು ಕಟ್ಟುತ್ತವೆ. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಇದೇ ಕೆಲಸಕ್ಕೆ ಅಗ್ನಿಪರ್ವತದ ಬೂದಿಯನ್ನು ಬಳಸಿದರು. ನಮ್ಮಲ್ಲಿ ಅಗ್ನಿಪರ್ವತವಿಲ್ಲ, ಇಟ್ಟಿಗೆಯ ಗೂಡು ಇತ್ತು. ನಮ್ಮ ಕಡೆಯ ಗಾರೆಯವರು ಇದರ ಮೇಲೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಹಾಕಿ, ಎತ್ತು ಕಟ್ಟಿದ ಗಾಣದಲ್ಲಿ ಕಲ್ಲಿನ ಗಾಲಿ ಉರುಳಿಸಿ ನುಣ್ಣಗೆ ಅರೆಯುತ್ತಿದ್ದರು. ಬೆಲ್ಲದ ಸೀಮೆಯಲ್ಲಿ ಹುಟ್ಟಿದವನಾದ ನನಗೆ ಗೋಡೆಗೂ ಬೆಲ್ಲ ಉಣಿಸುತ್ತಿದ್ದರೆಂಬುದು ಬಹಳ ಹಿತವಾದ ಸಂಗತಿ.

ಈಗ ನನ್ನ ಗೋಡೆಯ ಕಥೆ. ಚಿನಕುರಳಿಯಲ್ಲಿ ನಮ್ಮದು ತಾತನ ಕಾಲದ ಮನೆ. ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ. ಹನ್ನೆರಡು ವರ್ಷದ ಹಿಂದೆ ನಡುಮನೆಯ ಪಡುವಣ ಗೋಡೆಯಲ್ಲಿ ಬಾಗಿಲ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಗೆರೆ ಕಾಣಿಸಿತು. ಮನೆಯವರು ತೋರಿಸಿದಾಗ ನಾನು ತಡಮಾಡಲಿಲ್ಲ. ಗಟ್ಟಿಯಾದುದೇ ಒಳ್ಳೆಯದೆಂಬ ಲೋಕಾಭಿಪ್ರಾಯದಂತೆ, ಕರೆದ ಕೆಲಸಗಾರನಿಗೆ "ಸಿಮೆಂಟು ಹಾಕಿ ಬಿಗಿಯಾಗಿ ಮುಚ್ಚಪ್ಪ" ಎಂದೆ. ಅವನು ಮುಚ್ಚಿದ. ಸುಣ್ಣ ಬಳಿದ ಮೇಲೆ ಗೆರೆಯೇ ಮರೆತುಹೋಯಿತು. ಎರಡನೆಯ ಮಳೆಗಾಲ ಕಳೆಯುವ ಹೊತ್ತಿಗೆ ನೋಡುತ್ತೇನೆ, ಸಿಮೆಂಟಿನ ತೇಪೆ ಬಂಡೆಯಂತೆ ಅಲುಗದೆ ನಿಂತಿದೆ. ಅದರ ಎರಡೂ ಪಕ್ಕದ ಹಳೆಯ ಗಾರೆ ಒದ್ದೆಯಾಗಿ, ಪುಡಿಪುಡಿಯಾಗಿ ಉದುರಿದೆ. ಒಂದು ಗೆರೆಯಿದ್ದ ಕಡೆ ಎರಡು ಗೆರೆ.

ಆಗ ಪಕ್ಕದ ಊರಿನಿಂದ ಗಾರೆ ಕೆಲಸದ ಹಿರಿಯರೊಬ್ಬರನ್ನು ಕರೆಸಿದೆ. ಎಂಬತ್ತು ದಾಟಿದ ದೇಹ. ಕೈ ನಡುಗುತ್ತಿತ್ತು, ಕಣ್ಣು ನಡುಗುತ್ತಿರಲಿಲ್ಲ. ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಗ್ವಾಡೆನೂ ಉಸ್ರಾಡ್ತದೆ ಮೇಷ್ಟ್ರೆ, ನೀವು ಅದ್ರ ಮೂಗ್ಗೆ ಸಿಮೆಂಟ್ ಮೆತ್ತಿದ್ದೀರಿ" ಎಂದರು.

"ತಪ್ಪಾಯಿತು ಯಜಮಾನರೆ, ಈಗೇನು ಮಾಡೋಣ?" ಎಂದೆ.

"ಏನೂ ಮಾಡ್ಬ್ಯಾಡಿ. ಬಿರುಕ್ಗೆ ಔಸ್ದಿ ಹಾಕೋಕ್ ಮುಂಚೆ ಅದು ಬದ್ಕದೋ ಸತ್ತದೋ ನೋಡ್ಬೇಕು. ಬದ್ಕಿರೋ ಬಿರುಕ್ನ ಮುಚ್ಚುದ್ರೆ ಅದು ಪಕ್ದಲ್ಲಿ ಇನ್ನೊಂದು ಬಾಯ್ ಬುಡ್ತದೆ."

ಬದುಕಿರುವ ಬಿರುಕು ಎಂಬ ಮಾತನ್ನು ನಾನು ಯಾವ ಕಾವ್ಯದಲ್ಲಿಯೂ ಓದಿರಲಿಲ್ಲ. ಅವರು ಸಿಮೆಂಟನ್ನು ಮೆಲ್ಲನೆ ಕೀಳಿಸಿ, ನನ್ನ ಹಳೆಯ ಉತ್ತರಪತ್ರಿಕೆಯ ಹಾಳೆಯಿಂದ ಬೆರಳಗಲದ ಮೂರು ಪಟ್ಟಿ ಕತ್ತರಿಸಿ, ಗೋಧಿಹಿಟ್ಟಿನ ಅಂಟಿನಿಂದ ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಅಂಟಿಸಿದರು. "ತಾರೀಕು ಬರೀರಿ" ಎಂದರು. ಬರೆದೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಕಾಗದ ಹರಿಯುತ್ತದೆ, ನಿಂತಿದ್ದರೆ ಹರಿಯುವುದಿಲ್ಲ. ಇಂಜಿನಿಯರುಗಳು ಇದೇ ಕೆಲಸಕ್ಕೆ ತೆಳುವಾದ ಗಾಜಿನ ಪಟ್ಟಿಯನ್ನು ಕೂಡಿಸುತ್ತಾರೆಂದು ಆಮೇಲೆ ತಿಳಿದೆ. ಎರಡು ತಿಂಗಳಲ್ಲಿ ಮೇಲಿನ ಪಟ್ಟಿ ಹರಿಯಿತು. ಹಿರಿಯರು ಮನೆಯ ಹೊರಗೆ ಸುತ್ತುಹಾಕಿ, ಸೂರಿನ ನೀರು ಗೋಡೆಯ ಬುಡದಲ್ಲಿ ಬಿದ್ದು ಪಾಯ ಕುಸಿಯುತ್ತಿದ್ದುದನ್ನು ತೋರಿಸಿದರು. ಅದಕ್ಕೆ ಬೇರೆ ದಾರಿ ಮಾಡಿದ ಮೇಲೆ ಹೊಸ ಪಟ್ಟಿಗಳು ಹರಿಯಲಿಲ್ಲ. ಆಗ ಬಿರುಕನ್ನು ನೀರಿನಿಂದ ಚೆನ್ನಾಗಿ ತೋಯಿಸಿ, ತಿಳಿಯಾದ ಸುಣ್ಣ ಸುರ್ಕಿಯ ಗಾರೆಯನ್ನು ಆಳಕ್ಕೆ ಇಳಿಯುವಂತೆ ತುಂಬಿದರು. ಮೂರು ವಾರ ದಿನಕ್ಕೆರಡು ಸಲ ನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂತು. ಕೂದಲೆಳೆಯಂತಿದ್ದ ಒಂದೆರಡು ಕವಲುಗಳನ್ನು ಅವರು ಮುಟ್ಟಲೇ ಇಲ್ಲ. "ಅವು ತಾವೇ ಮಾಯ್ತವೆ ಬುಡಿ" ಎಂದರು. ಮಾರನೆಯ ವರ್ಷ ಅಲ್ಲಿ ಬಿಳಿಯ ದಾರದಂತಹ ಗೆರೆ ಮಾತ್ರ ಉಳಿದಿತ್ತು, ಉಗುರಿಗೆ ತಡೆಯುತ್ತಿರಲಿಲ್ಲ.

ಇದನ್ನು ಕಂಡ ಮೇಲೆಯೇ ನಾನು ವಿಜ್ಞಾನದ ಮೇಷ್ಟರನ್ನು ಪೀಡಿಸಿ ಈ ವಿಷಯವನ್ನು ಓದತೊಡಗಿದ್ದು. ರೋಮ್ ನಗರದ ಪ್ಯಾಂಥಿಯನ್ ಎಂಬ ದೇಗುಲದ ಗುಮ್ಮಟ ಸುಮಾರು 1900 ವರ್ಷಗಳಿಂದ ನಿಂತಿದೆ. ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ; ಅಗಲ 43 ಮೀಟರು. ರೋಮಿನ ಇಂತಹ ಕಾಂಕ್ರೀಟನ್ನು ಒಡೆದು ನೋಡಿದರೆ ಅಲ್ಲಲ್ಲಿ ಬಿಳಿಯ ಸುಣ್ಣದ ಕಾಳುಗಳು ಕಾಣುತ್ತವೆ. ಕಲಸುವವರ ಉದಾಸೀನದಿಂದ ಉಳಿದ ಗಂಟುಗಳಿರಬೇಕೆಂದು ಬಹುಕಾಲ ವಿದ್ವಾಂಸರು ತಿಳಿದಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅದ್ಮೀರ್ ಮಾಸಿಕ್ ಮತ್ತು ಅವರ ಸಂಗಡಿಗರು 2023ರಲ್ಲಿ ಬೇರೆಯೇ ಮಾತನ್ನು ಹೇಳಿದರು. ಸುಣ್ಣವನ್ನು ಪೂರ್ತಿ ಅರಳಿಸದೆ ಸುಟ್ಟ ಸುಣ್ಣವನ್ನೇ ಬಿಸಿಯಾಗಿ ಕಲಸಿದ್ದರಿಂದ ಈ ಕಾಳುಗಳು ಉಳಿದವು. ಬಿರುಕು ಬಿಟ್ಟಾಗ ಅದು ಇವುಗಳ ಮೂಲಕವೇ ಹಾಯುತ್ತದೆ. ನೀರು ಬಂದಾಗ ಇವು ಕರಗಿ ಬಿರುಕನ್ನು ತುಂಬುತ್ತವೆ ಎಂದು. ಅವರು ಆ ರೀತಿಯಲ್ಲಿ ಕಾಂಕ್ರೀಟು ಮಾಡಿ, ಬೇಕೆಂದೇ ಅರ್ಧ ಮಿಲಿಮೀಟರು ಬಿರುಕು ಮಾಡಿ, ನೀರು ಹರಿಸಿ ನೋಡಿದರು. ಎರಡು ವಾರದೊಳಗೆ ನೀರು ನಿಂತಿತು. ಸುಟ್ಟ ಸುಣ್ಣವಿಲ್ಲದ ಕಾಂಕ್ರೀಟಿನಲ್ಲಿ ನೀರು ಹರಿಯುತ್ತಲೇ ಇತ್ತು. ಎರಡು ಸಾವಿರ ವರ್ಷ ಸೋಮಾರಿಗಳೆನಿಸಿಕೊಂಡ ಆ ಕೂಲಿಯವರಿಗೆ ಈಗ ಕ್ಷಮೆ ಕೇಳುವವರು ಯಾರು?

ಇಂದಿನ ಸಿಮೆಂಟು ಕಾಂಕ್ರೀಟಿಗೆ ಈ ಗುಣ ಸ್ವಲ್ಪ ಮಾತ್ರ ಇದೆ. ಅದರಲ್ಲಿ ನೀರು ಸೋಕದೆ ಉಳಿದ ಸಿಮೆಂಟಿನ ಕಣಗಳು ಅತಿ ಸಣ್ಣ ಬಿರುಕನ್ನು ಮುಚ್ಚಬಲ್ಲವು; ಅದಕ್ಕಿಂತ ದೊಡ್ಡದಾದರೆ ನೀರು ಒಳನುಗ್ಗಿ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ. ಉಬ್ಬಿ ಇನ್ನಷ್ಟು ಬಿರುಕು ಬಿಡಿಸುತ್ತದೆ. ಇದಕ್ಕೆ ಹಾಲೆಂಡಿನ ಡೆಲ್ಫ್ಟ್ ನಗರದ ಹೆಂಕ್ ಯೋಂಕರ್ಸ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಕಂಡ ಉಪಾಯ ವಿಚಿತ್ರವಾದದ್ದು. ಕಾಂಕ್ರೀಟು ಕಲಸುವಾಗಲೇ ಅದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳನ್ನೂ ಅವುಗಳ ಬುತ್ತಿಯಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಸೇರಿಸುವುದು. ಅವು ಕುಂಭಕರ್ಣನಂತೆ ವರ್ಷಗಟ್ಟಲೆ ನಿದ್ರಿಸುತ್ತವೆ. ಬಿರುಕು ಬಿಟ್ಟು ನೀರೂ ಗಾಳಿಯೂ ಒಳಗೆ ಬಂದ ದಿನ ಎಚ್ಚತ್ತು, ಬುತ್ತಿಯುಂಡು, ಸುಣ್ಣದ ಕಲ್ಲನ್ನು ವಿಸರ್ಜಿಸುತ್ತವೆ. ಹೀಗೆ ಮುಚ್ಚುವ ಬಿರುಕಿನ ಅಗಲ 0.8 ಮಿಲಿಮೀಟರಿನವರೆಗೆ. ಸುಣ್ಣದ ಗಾರೆಯಲ್ಲಿ ನೀರು ಮಾಡಿದ ಕೆಲಸವನ್ನು ಇಲ್ಲಿ ಜೀವಾಣು ಮಾಡುತ್ತದೆ. ಕೊನೆಗೆ ಹುಟ್ಟುವ ಮದ್ದು ಮಾತ್ರ ಅದೇ ಹಳೆಯ ಕ್ಯಾಲ್ಸಿಯಂ ಕಾರ್ಬೊನೇಟು. ಬಸವನಹುಳು ತನ್ನ ಚಿಪ್ಪನ್ನು ಕಟ್ಟಿಕೊಳ್ಳುವುದೂ ಅದರಿಂದಲೇ.

ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋದವರೊಡನೆ ಕೂಡಿ 2020ರಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿದ ಸುದ್ದಿಯನ್ನು ನೀವು ಕೇಳಿರಬಹುದು. ಅದಕ್ಕೆ ಬಳಸಿದ ಸಾಮಗ್ರಿಯನ್ನು ಓದಿ ನಾನು ನಕ್ಕುಬಿಟ್ಟೆ: ಒಂದು ಬ್ಯಾಕ್ಟೀರಿಯಾ, ಯೂರಿಯಾ, ಮತ್ತು ಗೋರಿಕಾಯಿ ಬೀಜದ ಗೋಂದು. ಯೂರಿಯಾ ನಮ್ಮೂರ ಸೊಸೈಟಿಯಲ್ಲಿ ಸಾಲು ನಿಂತು ತರುವ ಮೂಟೆ. ಗೋರಿಕಾಯಿ ನಮ್ಮ ಹಿತ್ತಲಿನ ಪಲ್ಯ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಕಾರ್ಬೊನೇಟನ್ನು ಬಿಡುತ್ತದೆ. ಕ್ಯಾಲ್ಸಿಯಂ ಸಿಕ್ಕಿದೊಡನೆ ಅದು ಕಲ್ಲಾಗಿ ಮಣ್ಣಿನ ಕಣಗಳನ್ನು ಅಂಟಿಸುತ್ತದೆ. ಚಂದ್ರನ ಮೇಲೆ ಹಗಲಿನ ಕಾವು 120 ಡಿಗ್ರಿ ದಾಟುತ್ತದೆ. ರಾತ್ರಿಯ ಚಳಿ ಸೊನ್ನೆಗಿಂತ 130 ಡಿಗ್ರಿ ಕೆಳಗಿಳಿಯುತ್ತದೆ. ಅಲ್ಲಿ ಇಟ್ಟಿಗೆ ಬಿರಿಯದೆ ಇರುತ್ತದೆಯೆ? ಆದ್ದರಿಂದ ಅದೇ ಸಂಸ್ಥೆಯವರು 2025ರಲ್ಲಿ, ಸುಟ್ಟ ಇಟ್ಟಿಗೆಗಳಲ್ಲಿ ಬೇಕೆಂದೇ ಸೀಳು ಮತ್ತು ತೂತುಗಳನ್ನು ಮಾಡಿ, ಈ ಬ್ಯಾಕ್ಟೀರಿಯಾದ ಗಂಜಿಯನ್ನು ತುಂಬಿ ನೋಡಿದರು. ಕಳೆದುಹೋದ ಬಲದಲ್ಲಿ ನೂರಕ್ಕೆ 28ರಿಂದ 54ರಷ್ಟು ಮರಳಿ ಬಂತು. ಪೂರ್ತಿ ಬರಲಿಲ್ಲವೆಂಬುದನ್ನು ಗಮನಿಸಿ. ಮಾಯ್ದ ಗಾಯದ ಕಲೆ ಎಷ್ಟಾದರೂ ಕಲೆಯೇ.

ಈ ಸಂಗತಿಗಳನ್ನು ನಾನು ಒಂದು ದಿನ, ಪಾಠ ಬೇಗ ಮುಗಿದದ್ದರಿಂದ, ಹತ್ತನೆಯ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಬಂಡೆ ಸಿಡ್ಸಿದ್ರೆ ಆಯ್ತದಲ್ಲ ಬಿರುಕು, ಅದೂವೆ ಮಾಯ್ತದಾ?" ಎಂದ. ತರಗತಿಯೆಲ್ಲ ಮೌನವಾಯಿತು. ಏಕೆಂದರೆ ನಮ್ಮ ಚಿನಕುರಳಿ ಹೋಬಳಿಯಲ್ಲಿಯೇ ಬೇಬಿ ಬೆಟ್ಟವಿದೆ. ದನಗಳ ಜಾತ್ರೆಗೆ ಹೆಸರಾದ ಬೆಟ್ಟ, ಕಲ್ಲುಗಣಿಗೂ ಹೆಸರಾಯಿತು. ಬಂಡೆ ಸಿಡಿಸುವ ಮದ್ದಿನ ಸದ್ದಿಗೆ ಕೃಷ್ಣರಾಜಸಾಗರದ ಕಟ್ಟೆಗೆ ಅಪಾಯವಿದೆಯೆ ಇಲ್ಲವೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಪರೀಕ್ಷೆಗೆಂದು ಸ್ಫೋಟ ನಡೆಸಲು ಹೊರಟಾಗ ರೈತರು ಅಡ್ಡ ನಿಂತರು. 2024ರ ಜನವರಿಯಲ್ಲಿ ಕರ್ನಾಟಕದ ಹೈಕೋರ್ಟು, ಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ, ಅದರ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ತಡೆಹಾಕಿತು. ಬೇಬಿ ಬೆಟ್ಟ ಆ ವೃತ್ತದೊಳಗಿನದು. ಆ ಹುಡುಗರಲ್ಲಿ ಕೆಲವರ ಮನೆಯ ಅನ್ನ ಗಣಿಯ ಕೂಲಿಯಿಂದ ಬಂದದ್ದು. ಕೆಲವರದು ನಾಲೆಯ ನೀರಿನಿಂದ ಬಂದದ್ದು. ಉತ್ತರವನ್ನು ಎಚ್ಚರದಿಂದ ಹೇಳಬೇಕಾಗಿತ್ತು.

ನಾನು ಅವರಿಗೆ ಮೂಳೆಯ ಮಾತು ಹೇಳಿದೆ. ಕೈ ಮುರಿದರೆ ನಾಟಿವೈದ್ಯರು ದಬ್ಬೆ ಕಟ್ಟುತ್ತಾರೆ. ದಬ್ಬೆ ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆ ತಾನೇ ಕೂಡಿಕೊಳ್ಳುತ್ತದೆ. ಅದು ಕೂಡುವವರೆಗೆ ಅಲುಗದಂತೆ ಕಾಯುವುದಷ್ಟೇ ದಬ್ಬೆಯ ಕೆಲಸ. ಸುಣ್ಣದ ಗಾರೆಯೂ ಹಾಗೆಯೇ. ಬಿರುಕು ಸಣ್ಣದಾಗಿರಬೇಕು, ನೀರು ಜಿನುಗಬೇಕು, ರಭಸದಿಂದ ಹರಿಯಬಾರದು, ಕಾಲ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ವಿಶ್ರಾಂತಿ ಬೇಕು. ನಿನ್ನೆ ಹೊಲಿದ ತುಟಿಯನ್ನು ಇಂದಿನ ಕಂಪನ ಮತ್ತೆ ತೆರೆದರೆ ಒಳಗಿನ ಸುಣ್ಣ ಎಷ್ಟು ದಿನ ಬಂದೀತು? ಕೇರಳದ ಮುಲ್ಲಪೆರಿಯಾರ್ ಕಟ್ಟೆಯೂ ಸುಣ್ಣ ಸುರ್ಕಿಯದೇ, 1895ರದು. ಅಲ್ಲಿ ಜಿನುಗುವ ನೀರು ವರ್ಷಾನುವರ್ಷ ಸುಣ್ಣವನ್ನು ಕರಗಿಸಿ ಹೊರಗೊಯ್ದದ್ದರಿಂದ, ಮೊದಲು ಸಿಮೆಂಟಿನ ಹಾಲನ್ನು ಒಳಗೆ ತುಂಬಿ, 1979ರ ಮೇಲೆ ಕಾಂಕ್ರೀಟು ಒತ್ತುಕೊಟ್ಟು, ಉಕ್ಕಿನ ಹಗ್ಗಗಳಿಂದ ಬಿಗಿದು ಬಲಪಡಿಸಬೇಕಾಯಿತು. ವೈದ್ಯನಾದ ನೀರೇ ಮಿತಿ ಮೀರಿದರೆ ಔಷಧದ ಪೆಟ್ಟಿಗೆಯನ್ನು ಬರಿದುಮಾಡುತ್ತದೆ.

"ಹಾಗಾದ್ರೆ ಕನ್ನಂಬಾಡಿ ಕಟ್ಟೆಗೆ ಏನೂ ಆಗಿಲ್ವಾ ಸಾರ್?" ಎಂದು ಅವನು ಬಿಡಲಿಲ್ಲ. ಅದನ್ನು ಹೇಳಬೇಕಾದವರು ಅಳೆಯುವವರು, ಕನ್ನಡ ಪಂಡಿತನಲ್ಲ ಎಂದೆ. ನೆಲದ ಕಂಪನವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರು ಎಂದು ಅಳೆಯುವ ಯಂತ್ರಗಳಿವೆ. ಕಟ್ಟೆಯೊಳಗಿಂದ ಸೋರುವ ನೀರನ್ನು ಅಳೆಯಬಹುದು. ಆ ನೀರಿನಲ್ಲಿ ಎಷ್ಟು ಸುಣ್ಣ ಹೊರಬರುತ್ತಿದೆಯೆಂದು ಪರೀಕ್ಷಿಸಬಹುದು. ಅಳತೆಯ ಫಲವನ್ನು ಊರ ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆಂದು ನನ್ನ ನಂಬಿಕೆ. ಬೇಕಾದರೆ ಆ ಕೆಲಸಕ್ಕೆ ಪಂಡಿತನನ್ನು ಕರೆಯಲಿ, ಬರುತ್ತೇನೆ.

ನಿಮ್ಮ ಮನೆಯ ಗೋಡೆಯಲ್ಲಿಯೂ ಒಂದು ಗೆರೆ ಇದ್ದೀತು. ಮನೆ ಹಳೆಯದಾಗಿ, ಗಾರೆ ಸುಣ್ಣದ್ದಾದರೆ, ಸಿಮೆಂಟಿಗೆ ಓಡುವ ಮೊದಲು ಬೆರಳಗಲದ ಕಾಗದವನ್ನು ಅಂಟಿಸಿ ತಾರೀಕು ಬರೆಯಿರಿ. ಹೊಸ ಸಿಮೆಂಟಿನ ಮನೆಯಾದರೂ ಕಾಗದಕ್ಕೆ ಭೇದವಿಲ್ಲ. ಬಿರುಕಿನೊಳಕ್ಕೆ ನಾಣ್ಯ ತೂರುವಷ್ಟು ಜಾಗವಿದ್ದರೆ, ಅಥವಾ ಬಾಗಿಲು ಮುಚ್ಚದೆ ಸಿಕ್ಕಿಕೊಳ್ಳುತ್ತಿದ್ದರೆ, ಕಾಗದವನ್ನು ನಂಬಿ ಕೂರದೆ ತಿಳಿದವರನ್ನು ಕರೆಸಿ.

ಆ ಗಾರೆಯ ಹಿರಿಯರು ಈಗಿಲ್ಲ. ಪಾಠದ ಮರುದಿನ ಹುಡುಗರು ನಮ್ಮ ಶಾಲೆಯ ಗೋಡೆಗಳನ್ನೆಲ್ಲ ಹುಡುಕಿ ಹನ್ನೊಂದು ಬಿರುಕು ಕಂಡುಹಿಡಿದರು. ಗಣಿತದ ಹಾಳೆ ಹರಿದು ಪಟ್ಟಿ ಮಾಡಿದರು. ಅಂಟಿಗೆ ಒಬ್ಬನ ಮನೆಯಿಂದ ಗೋಧಿಹಿಟ್ಟು ಬಂತು. ತಾರೀಕನ್ನು ನಾನು ಬರೆದೆ. ಹೋದ ವಾರ ನೋಡಿದಾಗ ಒಂಬತ್ತು ಪಟ್ಟಿಗಳು ಹಾಗೆಯೇ ಇದ್ದವು. ಒಂದನ್ನು ಹಲ್ಲಿಯೋ ಹುಡುಗರೋ ಕಿತ್ತಿದ್ದರು. ನೀರಿನ ತೊಟ್ಟಿಯ ಪಕ್ಕದ ಗೋಡೆಯದು ಮಾತ್ರ ನಡುವೆ ಹರಿದಿತ್ತು. ಆ ಗೋಡೆಯ ಬುಡವನ್ನು ಅಗೆದು ನೋಡಲು ಹೆಡ್‌ಮಾಸ್ತರರ ಅಪ್ಪಣೆ ಕೇಳಿದ್ದೇನೆ.